ಬಾರದೇ ಹೋದ ಪುಡಿಂಗ್

ಎಂ.ಎ. ಓದುವಾಗ ಜೇಮ್ಸ್ ಜಾಯ್ಸ್‌ನ 'ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್' (1916) ನಮಗೆ ಪಠ್ಯವಾಗಿತ್ತು. ಅದರ ಮೊದಲ ಅಧ್ಯಾಯದ ಕ್ರಿಸ್ಮಸ್ ಊಟದ ಜಗಳದ ಮೇಲೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಖಾಯಂ. ಉತ್ತರವೂ ಖಾಯಂ: ಒಂದು ಕಡೆ ಚರ್ಚು, ಇನ್ನೊಂದು ಕಡೆ ರಾಷ್ಟ್ರ, ನಡುವೆ ಸಿಕ್ಕಿಬಿದ್ದ ಹುಡುಗ. ನಾನೂ ಹಾಗೆಯೇ ಬರೆದು ಅಂಕ ಪಡೆದಿದ್ದೆ. ಆ ಉತ್ತರ ತಪ್ಪೇನಲ್ಲ. ಆದರೆ ಕಳೆದ ಕ್ರಿಸ್ಮಸ್‌ನ ರಾತ್ರಿ, ಊರಿನ ಮನೆಯಲ್ಲಿ ನೆಂಟರೆಲ್ಲ ಚಾಪೆ ಹಾಸಿ ಮಲಗಿದ ಮೇಲೆ ಮೊಬೈಲಿನಲ್ಲಿ ಅದೇ ಪುಟಗಳನ್ನು ಮತ್ತೆ ಓದಿದಾಗ, ತರಗತಿಯಲ್ಲಿ ಯಾರೂ ಹೇಳದ, ನಾನೂ ಗಮನಿಸದ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಆ ಊಟದಲ್ಲಿ ಪುಡಿಂಗ್ ಬರುವುದೇ ಇಲ್ಲ.

ಬರುತ್ತದೆ ಎಂದು ಜಾಯ್ಸ್ ಮೊದಲೇ ಹೇಳಿಟ್ಟಿರುತ್ತಾನೆ. ಬೋರ್ಡಿಂಗ್ ಶಾಲೆಯಿಂದ ರಜೆಗೆ ಮನೆಗೆ ಬಂದಿರುವ ಪುಟ್ಟ ಸ್ಟೀಫನ್‌ಗೆ ಅದು ದೊಡ್ಡವರ ಮೇಜಿನಲ್ಲಿ ಕೂತು ಉಣ್ಣುವ ಮೊದಲ ಕ್ರಿಸ್ಮಸ್. ತಮ್ಮ ತಂಗಿಯರು ಮಕ್ಕಳ ಕೋಣೆಯಲ್ಲಿ ಪುಡಿಂಗ್ ಬರುವವರೆಗೆ ಕಾಯುತ್ತಿದ್ದಾರೆ, ಹಿಂದಿನ ವರ್ಷಗಳಲ್ಲಿ ತಾನು ಕಾಯುತ್ತಿದ್ದ ಹಾಗೆ. ಬಾದಾಮಿ ಚುಚ್ಚಿದ, ಹಾಲಿ ಎಲೆ ಸಿಕ್ಕಿಸಿದ, ಸುತ್ತ ನೀಲಿ ಉರಿ ಓಡುವ, ನೆತ್ತಿಯ ಮೇಲೆ ಪುಟ್ಟ ಹಸಿರು ಬಾವುಟವಿರುವ ಪುಡಿಂಗ್ ಅವನ ಕಣ್ಮುಂದೆ ಇದೆ. ದೊಡ್ಡವರ ಮೇಜಿಗೆ ಬಡ್ತಿ ಸಿಕ್ಕಿದ್ದರ ಹೆಮ್ಮೆಯೂ ಇದೆ, ಹೊಸ ಕೋಟಿನಲ್ಲಿ ತಾನು ಬೇರೆ ಯಾರೋ ಆಗಿಬಿಟ್ಟೆ ಎಂಬ ಕಸಿವಿಸಿಯೂ ಇದೆ. ಆ ಉಡುಪಿನಲ್ಲಿ ಮಗನನ್ನು ಕಂಡು ಅಪ್ಪ ಅತ್ತಿರುತ್ತಾನೆ. ತನ್ನ ಅಪ್ಪನ ನೆನಪಾಗಿ ಅತ್ತನಂತೆ. ಈ ಕಣ್ಣೀರನ್ನು ನೆನಪಿಡಬೇಕು, ದೃಶ್ಯ ಮುಗಿಯುವುದೂ ಅಪ್ಪನ ಕಣ್ಣೀರಿನಲ್ಲೇ.

ಮೇಜಿನ ಸುತ್ತ ಇರುವವರು ಆರು ಜನ. ಅಪ್ಪ, ಅಮ್ಮ, ಸ್ಟೀಫನ್ ಮೂವರನ್ನು ಬಿಟ್ಟರೆ ಉಳಿದವರು ಹಿರಿಯ ಚಾರ್ಲ್ಸ್ ಅಂಕಲ್, ಅಪ್ಪನ ಗೆಳೆಯ ಮಿ. ಕೇಸಿ ಮತ್ತು ಮಕ್ಕಳು ಡ್ಯಾಂಟಿ ಎಂದು ಕರೆಯುವ ಮಿಸೆಸ್ ರಿಯೊರ್ಡನ್. 'ಆಂಟಿ' ಎಂಬುದು ಎಳೆಯ ನಾಲಿಗೆಯಲ್ಲಿ ಡ್ಯಾಂಟಿ ಆಯಿತು ಎನ್ನುವುದು ವಿಮರ್ಶಕರು ಸಾಮಾನ್ಯವಾಗಿ ಕೊಡುವ ವಿವರಣೆ. ಹುಟ್ಟಿನ ನಂಟಿಗಿಂತ ಒಡನಾಟದಿಂದ ಮನೆಯವಳಾದ ಹೆಂಗಸು ಅವಳು. ನಮ್ಮ ದೊಡ್ಡ ಮನೆಗಳಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಮಕ್ಕಳು ಅವರನ್ನು ಯಾವುದೋ ಸಂಬಂಧ ಹಚ್ಚಿ ಕರೆಯುತ್ತವೆ, ಅವರು ಹೇಗೆ ಸಂಬಂಧ ಎಂದು ಯಾರಿಗೂ ನೆಟ್ಟಗೆ ಗೊತ್ತಿರುವುದಿಲ್ಲ.

ಜಗಳದ ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಐರ್ಲೆಂಡಿನ ಸ್ವಯಮಾಡಳಿತದ ಹೋರಾಟದ ನಾಯಕ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್‌ಗೆ ಕ್ಯಾಥರಿನ್ ಓಶೇ ಎಂಬ ವಿವಾಹಿತೆಯ ಜೊತೆಗಿದ್ದ ಸಂಬಂಧ 1890ರ ವಿಚ್ಛೇದನ ಮೊಕದ್ದಮೆಯಲ್ಲಿ ಬಯಲಾಯಿತು. ಕ್ಯಾಥೊಲಿಕ್ ಬಿಷಪ್ಪರು ಅವನ ವಿರುದ್ಧ ನಿಂತರು, ಪಕ್ಷ ಒಡೆಯಿತು. 1891ರ ಅಕ್ಟೋಬರ್ 6ರಂದು, 45ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಆಗ ಜಾಯ್ಸ್‌ಗೆ ಒಂಬತ್ತು ವರ್ಷ. ಪಾರ್ನೆಲ್‌ನನ್ನು ಕೈಬಿಟ್ಟವರ ಮೇಲೆ ಅವನು ಬರೆದ ಪದ್ಯವನ್ನು ಅಪ್ಪ ಅಚ್ಚು ಹಾಕಿಸಿ ಹಂಚಿದ್ದ. ಕಾದಂಬರಿಯ ಊಟ ನಡೆಯುವುದು ಆ ಸಾವಿನ ನಂತರದ ಕ್ರಿಸ್ಮಸ್‌ನಲ್ಲಿ. ಅಂದರೆ ಮೇಜಿನ ಮೇಲೆ ಟರ್ಕಿ ಕೋಳಿಯ ಜೊತೆಗೆ ಎರಡೂವರೆ ತಿಂಗಳ ಹಳೆಯ ಒಂದು ಹೆಣವೂ ಇದೆ.

ಜಾಯ್ಸ್ ಇದನ್ನು ಬಣ್ಣಗಳಲ್ಲಿ ಮೊದಲೇ ಕಟ್ಟಿರುತ್ತಾನೆ. ಡ್ಯಾಂಟಿಯ ಬಳಿ ಎರಡು ಬ್ರಷ್‌ಗಳಿವೆ. ಕಡುಗೆಂಪು ಮಖಮಲ್ಲಿನದು ರೈತ ಹೋರಾಟದ ನಾಯಕ ಮೈಕೆಲ್ ಡ್ಯಾವಿಟ್‌ಗಾಗಿ, ಹಸಿರು ಮಖಮಲ್ಲಿನದು ಪಾರ್ನೆಲ್‌ಗಾಗಿ. ಪಾದ್ರಿಗಳು ತಿರುಗಿಬಿದ್ದ ಮೇಲೆ ಅವಳು ಹಸಿರು ಮಖಮಲ್ಲನ್ನು ಕತ್ತರಿಯಿಂದ ಕಿತ್ತುಹಾಕುತ್ತಾಳೆ. ಶಾಲೆಯಲ್ಲಿ ಜ್ವರ ಬಂದು ಮಲಗಿದ ಸ್ಟೀಫನ್ ಪಾರ್ನೆಲ್‌ನ ಶವ ಬರುವುದನ್ನು ಕನಸಿನಂತೆ ಕಾಣುತ್ತಾನೆ. ಅಲ್ಲಿ ಡ್ಯಾಂಟಿ ಅವೇ ಎರಡು ಬಣ್ಣಗಳನ್ನು ತೊಟ್ಟು ನಡೆದುಹೋಗುತ್ತಾಳೆ. ಅದರ ಮರುಸಾಲಿನಲ್ಲೇ ಕ್ರಿಸ್ಮಸ್ ಮೇಜು: ಒಲೆಯ ಕೆಂಪು ಉರಿ, ದೀಪಗೊಂಚಲಿಗೆ ಸುತ್ತಿದ ಹಸಿರು ಐವಿ ಬಳ್ಳಿ. ಹಬ್ಬದ ಕೆಂಪು ಹಸಿರು ಸಂಭ್ರಮದ ಬಣ್ಣಗಳೆಂದು ನಾವು ಓದಿಕೊಂಡು ಹೋಗುತ್ತೇವೆ. ಸ್ಟೀಫನ್ ಪಾಲಿಗೆ ಅವು ಆಗಲೇ ಪಕ್ಷಗಳ ಬಣ್ಣಗಳಾಗಿವೆ. ಪುಡಿಂಗಿನ ಮೇಲಿನ ಬಾವುಟವೂ ಹಸಿರು. ಅದು ಯಾಕೆ ಬರುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿಯೇ ಇದೆ.

ಉಳಿದರ್ಧಕ್ಕೆ ನಾನು ಡಿಕನ್ಸ್‌ನ ಕಡೆ ತಿರುಗಬೇಕಾಯಿತು. ಇಂಗ್ಲಿಷ್ ಕಥನ ಪರಂಪರೆಯಲ್ಲಿ ಮನೆಯ ಕ್ರಿಸ್ಮಸ್ ಊಟಕ್ಕೆ ಮಾದರಿ ಹಾಕಿಕೊಟ್ಟದ್ದು 1843ರ 'ಎ ಕ್ರಿಸ್ಮಸ್ ಕ್ಯಾರಲ್'. ಅದರಲ್ಲಿ ಪುಡಿಂಗ್ ಬರುತ್ತದೆ. ಬರುವ ಮುನ್ನ ಮಿಸೆಸ್ ಕ್ರ್ಯಾಚಿಟ್ ಪಡುವ ಆತಂಕ ಎಷ್ಟು! ಬೆಂದಿಲ್ಲದಿದ್ದರೆ? ಮಗುಚುವಾಗ ಒಡೆದರೆ? ಹಿತ್ತಲ ಗೋಡೆ ಹಾರಿ ಬಂದು ಯಾರಾದರೂ ಕದ್ದುಬಿಟ್ಟಿದ್ದರೆ? ಕೊನೆಗೆ ಬ್ರಾಂಡಿಯ ಉರಿಯ ನಡುವೆ, ತಲೆಯ ಮೇಲೆ ಹಾಲಿ ಎಲೆ ಹೊತ್ತು ಅದು ಬರುತ್ತದೆ. ಅಷ್ಟು ದೊಡ್ಡ ಸಂಸಾರಕ್ಕೆ ಇದು ಸಣ್ಣದಾಯಿತೆಂದು ಯಾರೂ ಹೇಳುವುದಿಲ್ಲ, ಯೋಚಿಸುವುದೂ ಇಲ್ಲ ಎನ್ನುತ್ತಾನೆ ಡಿಕನ್ಸ್. ನನಗೆ ಮುಖ್ಯವೆನಿಸಿದ್ದು ಈ ಮಾತು. ಆ ಮನೆಯ ಸಂತೋಷ ನಿಂತಿರುವುದು ಹೇಳದೆ ಬಿಟ್ಟ ಒಂದು ಮಾತಿನ ಮೇಲೆ.

ಸ್ವಲ್ಪ ಹೊತ್ತಿಗೆ ಇನ್ನೊಂದು ಮಾತನ್ನು ನುಂಗಬೇಕಾಗುತ್ತದೆ. ವಾರಕ್ಕೆ 15 ಶಿಲಿಂಗ್ ಸಂಬಳ ಕೊಡುವ ಸ್ಕ್ರೂಜ್‌ನ ಹೆಸರಲ್ಲಿ ಬಾಬ್ ಕ್ರ್ಯಾಚಿಟ್ ಲೋಟ ಎತ್ತುತ್ತಾನೆ. ಹೆಂಡತಿಯ ಮುಖ ಕೆಂಪಾಗುತ್ತದೆ, ಆ ಜಿಪುಣನ ಬಗ್ಗೆ ಅವಳು ಬಾಯಿ ಬಿಡುತ್ತಾಳೆ. ಬಾಬ್ ಅವಳಿಗೆ ಎರಡೇ ಸಂಗತಿ ನೆನಪಿಸುತ್ತಾನೆ: ಮಕ್ಕಳಿದ್ದಾರೆ, ಇವತ್ತು ಕ್ರಿಸ್ಮಸ್. ಅವಳು ಗಂಡನಿಗಾಗಿ, ಈ ದಿನಕ್ಕಾಗಿ ಎಂದು ಹೇಳಿ ಕುಡಿಯುತ್ತಾಳೆ.

ಡೆಡಲಸ್‌ರ ಮನೆಯಲ್ಲೂ ಇವೇ ಎರಡು ಕಾರಣಗಳು ಬರುತ್ತವೆ, ಆದರೆ ತಲೆಕೆಳಗಾಗಿ. ವರ್ಷದಲ್ಲಿ ಈ ಒಂದು ದಿನವಾದರೂ ರಾಜಕೀಯ ಬೇಡ ಎಂದು ಮಿಸೆಸ್ ಡೆಡಲಸ್ ಬೇಡಿಕೊಳ್ಳುತ್ತಾಳೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಗುವಿನ ಮಾತಂತೂ ಜಗಳ ನಿಲ್ಲಿಸುವುದಿರಲಿ, ಅದಕ್ಕೆ ತುಪ್ಪ ಸುರಿಯುತ್ತದೆ. ತನ್ನ ಮನೆಯಲ್ಲೇ ದೇವರ ವಿರುದ್ಧ ಕೇಳಿದ್ದನ್ನೆಲ್ಲ ಇವನು ದೊಡ್ಡವನಾದ ಮೇಲೆ ನೆನಪಿಟ್ಟುಕೊಳ್ಳುತ್ತಾನೆ ಎನ್ನುತ್ತಾಳೆ ಡ್ಯಾಂಟಿ. ಪಾದ್ರಿಗಳು ಪಾರ್ನೆಲ್‌ನ ಎದೆ ಒಡೆದ ಮಾತುಗಳನ್ನೂ ನೆನಪಿಟ್ಟುಕೊಳ್ಳಲಿ ಎನ್ನುತ್ತಾನೆ ಕೇಸಿ. ಡಿಕನ್ಸ್‌ನಲ್ಲಿ ಮಗು ಇದೆ ಎಂದು ದೊಡ್ಡವರು ಸುಮ್ಮನಾಗುತ್ತಾರೆ. ಜಾಯ್ಸ್‌ನಲ್ಲಿ ಮಗು ಇದೆ ಎಂದೇ ಇನ್ನಷ್ಟು ಕೂಗುತ್ತಾರೆ, ಯಾಕೆಂದರೆ ಅವರಿಗೆ ಒಬ್ಬ ಸಾಕ್ಷಿ ಬೇಕಾಗಿದೆ. ಮಕ್ಕಳ ಕೋಣೆಯಿಂದ ಮೇಜಿಗೆ ಬಂದದ್ದಕ್ಕೆ ಸ್ಟೀಫನ್ ತೆರುವ ಬೆಲೆ ಇದು. ಊಟಕ್ಕೆಂದು ಬಂದ ಹುಡುಗನ ಕೈಗೆ ಸಿಗುವುದು ಒಂದು ವ್ಯಾಜ್ಯದ ವಾರಸುದಾರಿಕೆ.

ಅಪ್ಪ ಒಂದು ಗಿನಿ, ಎಂದರೆ 21 ಶಿಲಿಂಗ್ ಕೊಟ್ಟು ತಂದ ಕೋಳಿ ಮೇಜಿನ ಮೇಲೆ ತಣ್ಣಗಾಗುತ್ತದೆ. ಕ್ರ್ಯಾಚಿಟ್‌ನ ವಾರದ ಸಂಬಳಕ್ಕಿಂತ ಹೆಚ್ಚು ಬೆಲೆಯ ಕೋಳಿ. ಸಣ್ಣ ಪುಡಿಂಗ್ ಸಾಕಾದ ಮನೆಗೂ ದೊಡ್ಡ ಕೋಳಿ ರುಚಿಸದ ಮನೆಗೂ ಇರುವ ಅಂತರ ಹಣದ್ದಲ್ಲ. ಒಂದು ಕಡೆ ಸತ್ಯವನ್ನು ಬದಿಗಿಟ್ಟು ಉಂಡರು, ಇನ್ನೊಂದು ಕಡೆ ಊಟವನ್ನು ಬದಿಗಿಟ್ಟು ಸತ್ಯ ಆಡಿದರು. ಕೊನೆಗೆ ಡ್ಯಾಂಟಿ ಕುರ್ಚಿ ತಳ್ಳಿ ಎದ್ದುಹೋಗುತ್ತಾಳೆ. ಅವಳ ಕರವಸ್ತ್ರದ ಉಂಗುರ ನೆಲಹಾಸಿನ ಮೇಲೆ ನಿಧಾನ ಉರುಳುತ್ತ ಹೋಗಿ ಒಂದು ಕುರ್ಚಿಯ ಕಾಲಿಗೆ ತಾಗಿ ನಿಲ್ಲುತ್ತದೆ. ಕೇಸಿ ಸತ್ತ ನಾಯಕನಿಗಾಗಿ ಬಿಕ್ಕುತ್ತಾನೆ. ಸ್ಟೀಫನ್ ತಲೆ ಎತ್ತಿದಾಗ ಅಪ್ಪನ ಕಣ್ಣು ತುಂಬಿವೆ. ದೃಶ್ಯ ಅಲ್ಲಿಗೆ ಕತ್ತರಿಸಿ ಮತ್ತೆ ಶಾಲೆಯ ಅಂಗಳಕ್ಕೆ ಹೋಗುತ್ತದೆ.

ಹೀಗೆ ಓದಿದಾಗ ಜಾಯ್ಸ್ ಡಿಕನ್ಸ್‌ಗಿಂತ ಪ್ರಾಮಾಣಿಕ ಎನ್ನಬೇಕೆನಿಸುತ್ತದೆ. ನಾನು ನನ್ನ ಸಂಶೋಧನೆಯ ಟಿಪ್ಪಣಿಯಲ್ಲಿ ಹಾಗೆಯೇ ಬರೆದಿದ್ದೆ: ಹಬ್ಬದ ಮೌನ ಸುಳ್ಳು, ಹಬ್ಬದ ಜಗಳ ನಿಜ. ಆ ವಾಕ್ಯವನ್ನು ಈಗ ಹೊಡೆದುಹಾಕಿದ್ದೇನೆ. ಅದಕ್ಕೆ ಕಾರಣ ನಮ್ಮ ಮನೆಯ ಊಟ.

ನಮ್ಮದು ಕರಾವಳಿಯ ಕೊಂಕಣಿ ಕ್ಯಾಥೊಲಿಕ್ ಮನೆ. ಡಿಸೆಂಬರ್ 25ರ ಮಧ್ಯಾಹ್ನ ಅಪ್ಪನ ಅಣ್ಣ ತಮ್ಮಂದಿರ ಸಂಸಾರಗಳೆಲ್ಲ ಹಳೆಯ ಮನೆಯಲ್ಲಿ ಸೇರುತ್ತವೆ. ಚಾವಡಿಯ ಮೂಲೆಯಲ್ಲಿ ಮಕ್ಕಳು ಕಟ್ಟಿದ ಗೋದಲಿ, ಅಡುಗೆಮನೆಯಲ್ಲಿ ಸಾನ್ನ ಮತ್ತು ಹಂದಿ ಬಫಾತ್, ಡಬ್ಬಗಳಲ್ಲಿ ವಾರದ ಮೊದಲೇ ಕರಿದಿಟ್ಟ ಕುಸ್ವಾರ್. ದೊಡ್ಡಪ್ಪನ ಮಗಳು, ನಾನು ಅಕ್ಕ ಎಂದು ಕರೆಯುವವಳು, ಬೇರೆ ಧರ್ಮದವನನ್ನು ಮದುವೆಯಾದ ಮೇಲೆ ಈ ಊಟಕ್ಕೆ ಬಂದಿಲ್ಲ. ಕರೆದಿಲ್ಲ ಎನ್ನುವುದು ಸರಿ. ಕಳೆದ ಸಲ ಊಟದ ನಡುವೆ ಚಿಕ್ಕಪ್ಪ ಕೇಳಿಯೇಬಿಟ್ಟರು, "ಅಣ್ಣ, ಅವಳನ್ನು ಇನ್ನೆಷ್ಟು ವರ್ಷ ಹೊರಗಿಡುವುದು?" ದೊಡ್ಡಪ್ಪ ತಟ್ಟೆ ದೂಡಿದರು. ಆಗ ಅಮ್ಮ ಬಡಿಸುವ ಸೌಟು ಹಿಡಿದುಕೊಂಡೇ ಹೇಳಿದರು, "ಇವತ್ತು ಹಬ್ಬ. ಮಕ್ಕಳು ಕೂತಿದ್ದಾರೆ. ಊಟ ಮಾಡಿ ಭಾವ."

ದೊಡ್ಡಪ್ಪ ತಟ್ಟೆ ಹತ್ತಿರ ಎಳೆದುಕೊಂಡರು. ಊಟ ಮುಗಿಯಿತು, ಕೇಕು ಕತ್ತರಿಸಿದೆವು, ಫೋಟೊ ತೆಗೆದೆವು. ನಾನು ಒಂದು ಮಾತೂ ಆಡಿರಲಿಲ್ಲ. ಅಧಿಕಾರ, ಬಹಿಷ್ಕಾರ ಎಂದೆಲ್ಲ ಸೆಮಿನಾರುಗಳಲ್ಲಿ ಮಾತಾಡುವ ನನಗೆ ಆ ಮೌನದ ಬಗ್ಗೆ ನಾಚಿಕೆಯಾಗಿ ರಾತ್ರಿ ಜಾಯ್ಸ್‌ನನ್ನು ತೆರೆದದ್ದು. ಅಮ್ಮನ ಮೇಲೂ ಸಿಟ್ಟಿತ್ತು. ಮಿಸೆಸ್ ಡೆಡಲಸ್‌ಳಂತೆ, ಬಾಬ್ ಕ್ರ್ಯಾಚಿಟ್‌ನಂತೆ, ಹಬ್ಬದ ಹೆಸರಲ್ಲಿ ನಿಜದ ಬಾಯಿ ಮುಚ್ಚಿಸಿದವಳು ಎಂದು.

ಮರುದಿನ ಬೆಳಿಗ್ಗೆ ಅಮ್ಮ ಒಂದು ಸ್ಟೀಲ್ ಡಬ್ಬಕ್ಕೆ ಕಿಡಿಯೊ, ನೆವ್ರಿ, ಒಂದು ತುಂಡು ಕೇಕು ತುಂಬಿಸಿ, ಬಟ್ಟೆ ಕಟ್ಟಿ ನನ್ನ ಕೈಗಿಟ್ಟರು. ಹಿಂದಿರುಗುವ ದಾರಿಯಲ್ಲಿ ಅಕ್ಕನ ಮನೆಗೆ ಕೊಟ್ಟುಹೋಗಬೇಕು. "ಕಳೆದ ವರ್ಷದ ಡಬ್ಬ ಅವಳ ಹತ್ತಿರವೇ ಇದೆ, ಕೇಳಿ ತೆಗೆದುಕೋ" ಎಂದರು. ಇದು ಮೊದಲ ಸಲವಲ್ಲ ಎಂದು ನನಗೆ ತಿಳಿದದ್ದು ಹಾಗೆ. ದೊಡ್ಡಪ್ಪ ಜಗಲಿಯಲ್ಲೇ ಕೂತಿದ್ದರು. ಡಬ್ಬ ನೋಡಿದರು, ಏನೂ ಕೇಳಲಿಲ್ಲ.

ಅಮ್ಮನ ಡಬ್ಬ ಎಲ್ಲವನ್ನೂ ಸರಿಮಾಡಿತು ಎಂದು ನಾನು ಹೇಳುತ್ತಿಲ್ಲ. ಡಬ್ಬ ಹೋಗುತ್ತದೆ, ಅಕ್ಕ ಬರುವುದಿಲ್ಲ. ಚಿಕ್ಕಪ್ಪನ ಪ್ರಶ್ನೆ ಹಾಗೆಯೇ ಇದೆ, ಅದನ್ನು ಯಾರಾದರೂ ಮತ್ತೆ ಕೇಳಲೇಬೇಕು. ಆದರೆ ಮೇಜಿನಲ್ಲಿ ಆಡಿದ ಮಾತಷ್ಟೇ ನಿಲುವು ಎಂದು ಎಣಿಸಿದ್ದು ನನ್ನ ಓದಿನ ದೋಷ. ಆ ದೋಷ ಸ್ವಲ್ಪಮಟ್ಟಿಗೆ ಜಾಯ್ಸ್‌ನದೂ ಹೌದು ಎಂದು ಈಗ ಅನಿಸುತ್ತದೆ. ಅವನ ದೃಶ್ಯದಲ್ಲಿ ಕಣ್ಣೀರು ಗಂಡಸರದು, ಮಾತು ಗೆದ್ದವರದು ಮತ್ತು ಸೋತವರದು. ಜಗಳ ಬೇಡವೆಂದ ಹೆಂಗಸು ಆಮೇಲೆ ಏನು ಮಾಡಿದಳು ಎನ್ನುವುದಕ್ಕೆ ಪುಟದಲ್ಲಿ ಜಾಗವಿಲ್ಲ.

ಕಾದಂಬರಿ ಆ ತಾಯಿಯನ್ನು ಪೂರ್ತಿ ಮರೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಕೊನೆಯ ಅಧ್ಯಾಯದಲ್ಲಿ ಇನ್ನೊಂದು ಹಬ್ಬ ಬರುತ್ತದೆ. ಈಸ್ಟರ್‌ಗೆ ಪರಮಪ್ರಸಾದ ಸ್ವೀಕರಿಸು ಎಂದು ತಾಯಿ ಕೇಳುತ್ತಾಳೆ, ಯುವಕ ಸ್ಟೀಫನ್ ಒಲ್ಲೆ ಎನ್ನುತ್ತಾನೆ. ಗೆಳೆಯ ಕ್ರ್ಯಾನ್ಲಿ, ತಾಯಿ ಎಷ್ಟು ಕಷ್ಟಪಟ್ಟಿದ್ದಾಳೆ ಎಂದು ಯೋಚಿಸು ಎಂದರೂ ಬಗ್ಗುವುದಿಲ್ಲ. ಮೊದಲ ಹಬ್ಬದಲ್ಲಿ ಗಾಬರಿಯಿಂದ ಸುಮ್ಮನಿದ್ದ ಹುಡುಗ ಕೊನೆಯ ಹಬ್ಬದಲ್ಲಿ ತನ್ನ ಮಾತು ಆಡುತ್ತಾನೆ. ಅವನಿಗೆ ಆ ಮಾತು ಬೇಕಿತ್ತು, ನಿಜ. ಆದರೆ ಅದು ಹೋಗಿ ಬೀಳುವುದು ಅಂದು ಕೂಗಾಡಿದವರ ಮೇಲಲ್ಲ. ಜಗಳ ಬೇಡವೆಂದು ಬೇಡಿಕೊಂಡವಳ ಮೇಲೆ.

ಪುಡಿಂಗಿನ ಪ್ರಶ್ನೆಗೆ ಮರಳುತ್ತೇನೆ. ಡ್ಯಾಂಟಿ ಬಾಗಿಲು ಬಡಿದು ಹೋದ ಮೇಲೂ ಆ ಮನೆಯಲ್ಲಿ ಸಂಜೆಯಾಗಿರಬೇಕು. ಮಕ್ಕಳ ಕೋಣೆಯಲ್ಲಿ ಪುಟ್ಟವರು ಕಾಯುತ್ತಲೇ ಇದ್ದರು. ಅವರಿಗೆ ಪಾರ್ನೆಲ್ ಗೊತ್ತಿಲ್ಲ, ಪುಡಿಂಗ್ ಗೊತ್ತು. ಪರೀಕ್ಷೆಯಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಆದರೆ ನನ್ನ ಪ್ರಬಂಧದ ಆ ಅಧ್ಯಾಯ ಈಗ ಇಲ್ಲಿಂದ ಶುರುವಾಗುತ್ತದೆ: ಅವರಿಗೆ ಅದನ್ನು ಒಯ್ದುಕೊಟ್ಟವರು ಯಾರು?