ಚಿಕ್ಕಿಗೂ ಕೈಗಳಿದ್ದವು

ಅನಂತಮೂರ್ತಿಯವರ 'ಭಾರತೀಪುರ' (1973) ಕಾದಂಬರಿಯ ಸಾಲಿಗ್ರಾಮದ ಪ್ರಸಂಗವನ್ನು ಓದಿದವರು ಮರೆಯಲಾರರು. ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ದೇವರ ಪೆಟ್ಟಿಗೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು, ದಲಿತ ಯುವಕರ ಮುಂದೆ ಹಿಡಿದು ಮುಟ್ಟಲು ಹೇಳುತ್ತಾನೆ. ಅವರು ನಡುಗುತ್ತಾರೆ. ಇವನು ಗದರುತ್ತಾನೆ. ಕೊನೆಗೆ ಅವರು ಮುಟ್ಟುವುದು ದೇವರ ಭಯ ಬಿಟ್ಟಲ್ಲ, ಒಡೆಯನ ಭಯಕ್ಕೆ. ಬರೀ ಕಲ್ಲೆಂದು ಸಾಧಿಸಹೊರಟಷ್ಟೂ ಅದು ದೇವರಾಗುತ್ತಲೇ ಹೋಗುತ್ತದೆ. ಇಷ್ಟನ್ನು ಕಂಡು ಬರೆದದ್ದು ದೊಡ್ಡ ಮಾತು.

ಆದರೂ ನನ್ನದೊಂದು ತಕರಾರಿದೆ. ಗುಡಿಯ ವಿಗ್ರಹಕ್ಕೆ ಜಲಾಧಿವಾಸ, ಧಾನ್ಯಾಧಿವಾಸ, ನೇತ್ರೋನ್ಮೀಲನ, ಪ್ರಾಣಪ್ರತಿಷ್ಠೆ ಎಲ್ಲ ಆಗಬೇಕು. ಗಂಡಕಿ ನದಿಯ ಸಾಲಿಗ್ರಾಮಕ್ಕೆ ಇದಾವುದೂ ಬೇಡ. ತಾನಾಗಿಯೇ ಅದು ದೇವರು ಎನ್ನುತ್ತದೆ ಶಾಸ್ತ್ರ. ನನ್ನ ಕಣ್ಣಿಗೆ ಕಾಣುವುದು ಬೇರೆ. ಅದನ್ನು ಮನೆಯಲ್ಲಿ ದೇವರಾಗಿ ಉಳಿಸುವುದು ದಿನದಿನದ ಪೂಜೆ. ಆ ಪೂಜೆಗೆ ಹೂ ಬಿಡಿಸಿ, ಮಡಿನೀರು ತಂದು, ನೈವೇದ್ಯ ಬೇಯಿಸುವವರು ಯಾರು? ಸಂಪ್ರದಾಯದ ಮನೆಗಳಲ್ಲಿ ಇಷ್ಟೆಲ್ಲ ಮಾಡುವ ಹೆಂಗಸರೂ ಸಾಲಿಗ್ರಾಮ ಮುಟ್ಟುವಂತಿಲ್ಲ. ಜಗನ್ನಾಥನ ಚಿಕ್ಕಿ ಅಲ್ಲೇ ಹಿಂದೆ ಸಂಕಟಪಡುತ್ತ ನೋಡುತ್ತಿದ್ದಾಳೆ. 'ಚಿಕ್ಕಿ, ನೀನೂ ಮುಟ್ಟು' ಎನ್ನಲು ಅವನಿಗೆ ತೋಚುವುದಿಲ್ಲ. ಕಾದಂಬರಿಗೂ ತೋಚಲಿಲ್ಲ. ಇಬ್ಬರ ನೋವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಚಿಕ್ಕಿಗೆ ಅಡಿಗೆಮನೆಯಾದರೂ ಇದೆ, ಅವರಿಗೆ ಜಗಲಿಯೂ ಇಲ್ಲ.

ಸಂತೆಮರಹಳ್ಳಿಯಲ್ಲಿ ಕೂತು ಓದುವವರಿಗೆ ಇನ್ನೊಂದು ನೆನಪಾಗುತ್ತದೆ. ನಮ್ಮ ಸೀಮೆಯ ಮಂಟೇಸ್ವಾಮಿ, ಸಿದ್ದಪ್ಪಾಜಿ ಒಕ್ಕಲಿನವರಿಗೆ ಕಂಡಾಯವೇ ದೇವರು. ದಲಿತರೇ ಅದನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ, ಹೆಂಗಸರು ನೀರು ತಂದು ಪೂಜೆ ಮಾಡುತ್ತಾರೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಕೂತು ಉಣ್ಣುತ್ತಾರೆ. ಮುಟ್ಟಿ ಎಂದು ಹೇಳಿಕೊಡಲು ಇಂಗ್ಲೆಂಡಿನಿಂದ ಯಾರೂ ಬರಬೇಕಾಗಲಿಲ್ಲ. ಹಾಗೆಂದು ಇಲ್ಲಿ ಅಸ್ಪೃಶ್ಯತೆ ಇಲ್ಲವೆಂದಲ್ಲ. ಶಾಲೆಯ ಮಗುವನ್ನು ಯಾವ ಬೀದಿಯೆಂದು ಕೇಳಿದರೂ ಸಾಕು, ಜಾತಿ ಕೇಳಿದ ಹಾಗೆಯೇ. ಆದರೆ ದಲಿತರಿಗೆ ತಮ್ಮದೇ ದೇವರುಗಳಿದ್ದಾರೆಂಬುದು ಜಗನ್ನಾಥನ ಲೆಕ್ಕಕ್ಕೆ ಬಂದಂತಿಲ್ಲ.

ಕಾದಂಬರಿಯ ಕೊನೆಯಲ್ಲಿ ಅರ್ಚಕರ ಮಗ ಗಣೇಶನೇ ಮಂಜುನಾಥನ ಲಿಂಗವನ್ನು ಕಿತ್ತು ಹೊಳೆಗೆ ಹಾಕುತ್ತಾನೆ. ಜಗನ್ನಾಥನ ಭಾಷಣಗಳಿಗಿಂತ ಇದು ನನಗೆ ನಿಜವೆನಿಸಿತು. ದಿನವೂ ಆ ಕಲ್ಲಿನ ಊಳಿಗದ ನಡುವೆಯೇ ಬೆಳೆದ ಹುಡುಗ ಅವನು.