ಗಂಟೆಯ ನೆಲೆ, ಗಂಟೆಯ ಮೂಲ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಹಳೆಯ ಹಿತ್ತಾಳೆಯ ಗಂಟೆಯೊಂದು ದೊರೆತರೆ ಅದನ್ನು ಹೊಯ್ಸಳರ ಕಾಲದ್ದೆಂದು ಹೇಳಿಬಿಡುವುದು ಸುಲಭ. ಅದರ ಹಿಡಿಯ ಮೇಲೆ ಸಿಂಹವಿದ್ದರೆ ವರ್ಧಮಾನಸ್ವಾಮಿಯ ಬಸದಿಗೆ ಸೇರಿದ್ದೆನ್ನುವುದು ಇನ್ನೂ ಸುಲಭ. ಸುತ್ತಲಿನ ಕಲ್ಲಿನ ಕೀರ್ತಿಯನ್ನು ಲೋಹದ ಮೇಲೆ ಆರೋಪಿಸುವ ಈ ಕ್ರಮ ವಿಚಾರಕ್ಕೆ ನಿಲ್ಲತಕ್ಕದ್ದಲ್ಲ. ಬಸದಿಯ ಭಿತ್ತಿ ಕಟ್ಟಿದಲ್ಲಿಯೇ ಇರುತ್ತದೆ. ಗಂಟೆಯಾದರೋ ಹಿಡಿದವನ ಕೈಯೊಡನೆ ಊರೂರು ತಿರುಗುತ್ತದೆ. ಅದು ದೊರೆತ ನೆಲೆಯೇ ಬೇರೆ, ಎರಕಗೊಂಡ ಮೂಲವೇ ಬೇರೆ.

ಹಸ್ತಪ್ರತಿಗಳಲ್ಲಿ ಕೃಷಿಮಾಡಿದವರಿಗೆ ಈ ಭೇದ ಹೊಸದಲ್ಲ. ಧವಳಾ ಗ್ರಂಥದ ತಾಳೆಯೋಲೆಗಳು ಉಳಿದುಬಂದದ್ದು ಮೂಡುಬಿದಿರೆಯಲ್ಲಿ. ಆದರೆ ಪ್ರತಿಯ ಪ್ರಶಸ್ತಿ ಹೇಳುವುದು ದೇಮಿಯಕ್ಕನೆಂಬ ಶ್ರಾವಿಕೆಯ ಶಾಸ್ತ್ರದಾನವನ್ನು, ಬನ್ನಿಕೆರೆಯ ಚೈತ್ಯಾಲಯವನ್ನು, ಶುಭಚಂದ್ರ ಸಿದ್ಧಾಂತದೇವರನ್ನು. ಇದೇ ಶುಭಚಂದ್ರರು ದಂಡನಾಯಕ ಗಂಗರಾಜನ ಗುರುಗಳು. ಆ ಗಂಗರಾಜನ ಮಗ ಬೊಪ್ಪನು 1133ರಲ್ಲಿ ದೋರಸಮುದ್ರದ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರಶಸ್ತಿಯ ಗರಿ ಕಳೆದುಹೋಗಿದ್ದರೆ ಈ ಸಂಬಂಧವೆಲ್ಲ ಅಳಿದು, ಓಲೆ ಕರಾವಳಿಯದೆಂದೇ ಪಟ್ಟಿಗೆ ಏರುತ್ತಿತ್ತು. ಲೋಹದ ವಸ್ತುಗಳಿಗೂ ಇದೇ ಮಾತು. ಶ್ರವಣಬೆಳ್ಗೊಳದ ಮಠದ ಲೋಹಬಿಂಬಗಳಲ್ಲಿ ಹಲವು 19ನೆಯ ಶತಮಾನದಲ್ಲಿ ತಮಿಳುನಾಡಿನ ಶ್ರಾವಕರು ಸಮರ್ಪಿಸಿದವು. ಪೀಠದ ಮೇಲಿನ ಗ್ರಂಥಲಿಪಿಯೇ ಅದಕ್ಕೆ ಸಾಕ್ಷಿ. ಬರಹವಿಲ್ಲದಿದ್ದರೆ ಅವನ್ನು ಬೆಳ್ಗೊಳದವೆನ್ನಲು ಯಾರು ಹಿಂಜರಿಯುತ್ತಿದ್ದರು?

ಲಾಂಛನವನ್ನೇ ನಂಬಿ ನಿರ್ಣಯಕ್ಕೆ ಬರುವುದು ಇದಕ್ಕಿಂತ ಅಪಾಯಕರ. ವೃಷಭವು ಆದಿನಾಥರ ಲಾಂಛನ, ಶಿವನಿಗೆ ವಾಹನ. ಶಂಖವು ನೇಮಿನಾಥರದು, ಕೇಶವನ ಕೈಯ ಆಯುಧವೂ ಹೌದು. ಶಂಖವಿರುವ ಗಂಟೆ ಬೇಲೂರಿನ ಪೇಟೆಯಲ್ಲಿ ಸಿಕ್ಕರೆ ಚೆನ್ನಕೇಶವನದಾಗುತ್ತದೆ. ಅದೇ ಗಂಟೆ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಸಿಕ್ಕರೆ ಜಿನಾಲಯದ್ದಾಗುತ್ತದೆ. ಇಲ್ಲಿ ತೀರ್ಪು ಕೊಟ್ಟದ್ದು ಶಂಖವಲ್ಲ, ದೊರೆತ ಬೀದಿ. ಸರ್ಪಫಣಿ ಪಾರ್ಶ್ವನಾಥರನ್ನೂ ಸುಪಾರ್ಶ್ವನಾಥರನ್ನೂ ಸೂಚಿಸಬಹುದು, ಬರಿಯ ನಾಗಾರಾಧನೆಯನ್ನೂ ಸೂಚಿಸಬಹುದು. ವಜ್ರವು ಧರ್ಮನಾಥರ ಲಾಂಛನವೆಂಬುದನ್ನು ಮರೆತು ವಜ್ರದ ಹಿಡಿಯೆಲ್ಲ ಬೌದ್ಧವೆನ್ನುವಂತಿಲ್ಲ. ಲಾಂಛನವಿದೆಯೆಂಬಷ್ಟಕ್ಕೇ ಅದನ್ನು ಜೈನವೆನ್ನುವಂತೆಯೂ ಇಲ್ಲ. ಸಿಂಹದ ವಿಷಯವಂತೂ ಈ ಸೀಮೆಯಲ್ಲಿ ತೀರ ಜಟಿಲ: ಅದು ಮಹಾವೀರರ ಲಾಂಛನವೋ, ಹೊಯ್ಸಳರ ರಾಜಚಿಹ್ನೆಯೋ, ಎರಕದವನ ಅಲಂಕಾರಪ್ರಿಯತೆಯೋ? ಬಿಂಬದ ಪೀಠದಲ್ಲಿ ಲಾಂಛನಕ್ಕೆ ನಿಯತ ಸ್ಥಾನವುಂಟು; ಗಂಟೆಯ ಹಿಡಿಗೆ ಆ ನಿಯಮವನ್ನು ಅನ್ವಯಿಸಿದವರು ಆಧಾರವನ್ನೂ ತೋರಿಸಬೇಕು. ಜನ್ಮಕಲ್ಯಾಣದಲ್ಲಿ ಕಲ್ಪವಾಸಿಗಳ ಘಂಟೆ ತಾನಾಗಿ ಮೊಳಗಿತೆನ್ನುವ ಪರಂಪರೆಯಲ್ಲಿಯೂ ಭೃಂಗಾರಾದಿ ಅಷ್ಟಮಂಗಳಗಳ ನಡುವೆ ಘಂಟೆಗೆ ಎಡೆಯಿಲ್ಲವೆಂಬುದು ಗಮನಾರ್ಹ.

ಲೋಹದ ಹೆಸರಿನಲ್ಲಿಯೂ ಅಲಕ್ಷ್ಯವಿದೆ. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಒಳ್ಳೆಯ ನಾದದ ಗಂಟೆ ಸಾಮಾನ್ಯವಾಗಿ ಕಂಚಿನದು. ಹಳದಿಯಾಗಿ ಹೊಳೆದುದೆಲ್ಲ ಹಿತ್ತಾಳೆಯಲ್ಲ.

ಬರಹವಿರುವ ಗಂಟೆಯೂ ಎಲ್ಲವನ್ನೂ ಹೇಳದು. ನ್ಯೂಜಿಲೆಂಡಿನಲ್ಲಿ 1836ರ ಸುಮಾರಿಗೆ ಪಾದ್ರಿ ಕೊಲೆನ್ಸೊ ಕಂಡ ಕಂಚಿನ ಗಂಟೆಯನ್ನು ಮಾವೊರಿ ಜನ ಅಡಿಗೆಯ ಪಾತ್ರೆಯಾಗಿ ಬಳಸುತ್ತಿದ್ದರು. ಅದರ ಮೇಲಿನ ತಮಿಳು ಅಕ್ಷರಗಳಿಂದ ಅದು ಮೊಹಿದೀನ್ ಬಕ್ಷ್ ಎಂಬ ಹೆಸರಿನೊಡನೆ ಸೇರಿದ ಹಡಗಿನ ಗಂಟೆಯೆಂದು ತಿಳಿಯಿತು. ಅಲ್ಲಿಗೆ ಬಂದ ದಾರಿ ಮಾತ್ರ ತಿಳಿಯಲಿಲ್ಲ. ಮಹಾರಾಷ್ಟ್ರದ ಕೆಲವು ದೇವಾಲಯಗಳಲ್ಲಿ ತೂಗುವ ಪೋರ್ತುಗೀಜ್ ಗಂಟೆಗಳ ದಾರಿಯಾದರೋ ಸ್ಪಷ್ಟ: ಅವು 1739ರಲ್ಲಿ ಚಿಮಾಜಿ ಅಪ್ಪ ವಸಈ ಗೆದ್ದಾಗ ಬಂದವು.

ಅರಸೀಕೆರೆಗೆ ಬಂದರೆ, ಅಲ್ಲಿಯ ಸಹಸ್ರಕೂಟ ಜಿನಾಲಯವನ್ನು 1220ರ ಸುಮಾರಿನಲ್ಲಿ ಮಾಡಿಸಿದ ರೇಚರಸನು ಮೊದಲು ಕಳಚುರ್ಯರ ಸೇವೆಯಲ್ಲಿದ್ದು, ತರುವಾಯ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದವನು. ದಾತನೇ ಹೊರನಾಡಿನಿಂದ ಬಂದಿರುವಾಗ ಆತನ ಬಸದಿಯ ಉಪಕರಣಗಳೆಲ್ಲ ಸ್ಥಳೀಯ ಎರಕವೆಂದು ಭಾವಿಸಲು ಕಾರಣವೇನು? ಬಸದಿಯ ಇತಿಹಾಸವನ್ನು ಶಾಸನ ಹೇಳಿತೆಂದ ಮಾತ್ರಕ್ಕೆ ಅದು ಗಂಟೆಯ ಇತಿಹಾಸವಾಗದು.

ಹೊಯ್ಸಳರ ಹೆಸರು ಹಚ್ಚದಿದ್ದರೆ ಗಂಟೆಗೆ ರಕ್ಷಣೆ ಸಿಗದೆಂಬ ಅಂಜಿಕೆಯೂ ಅನಾವಶ್ಯಕ. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ಇಂಥ ವಸ್ತುವಿಗೆ ನೂರು ವರ್ಷ ತುಂಬಿದ್ದರೆ ಸಾಕು, ಹಸ್ತಪ್ರತಿಗೆ ಎಪ್ಪತ್ತೈದು. ತಪ್ಪು ಹೆಸರಿನಿಂದ ಆಗುವ ಹಾನಿಯೇ ಹೆಚ್ಚು. ಒಬ್ಬ ಲಿಪಿಕಾರನ ತಪ್ಪು ಮುಂದಿನ ಪ್ರತಿಗಳಿಗೆಲ್ಲ ಇಳಿಯುವಂತೆ ಒಂದು ಪಟ್ಟಿಯ ಊಹೆ ಮತ್ತೊಂದರಲ್ಲಿ ನಿಶ್ಚಯವಾಗುತ್ತದೆ. ನಿಜವಾದ ದಾತನ ಊರು, ವಂಶ, ಗುರುಪರಂಪರೆಗಳನ್ನು ಆಮೇಲೆ ಹುಡುಕುವವರಿರುವುದಿಲ್ಲ.

ಪರೀಕ್ಷಕನು ಗಂಟೆಯ ಎತ್ತರ, ಬಾಯಗಲ, ತೂಕ, ನಾಲಗೆಯ ಲೋಹ, ಹಿಡಿಯ ಬೆಸುಗೆ ಇವನ್ನು ಗುರುತಿಸಿ, ಕಂಠದಲ್ಲಿಯೂ ಅಂಚಿನ ಒಳಮೈಯಲ್ಲಿಯೂ ಅಕ್ಷರವನ್ನರಸಬೇಕು. ಹಿಡಿ ಮತ್ತು ಬಟ್ಟಲು ಒಂದೇ ಕಾಲದವಾಗಿರಲೇಬೇಕೆಂಬ ನಿಯಮವಿಲ್ಲ. ವಸ್ತು ಯಾರ ಮನೆಯಿಂದ, ಯಾವ ವರ್ಷ ಬಂತೆಂಬುದನ್ನು ಕೇಳಿದಂತೆ ಬರೆದು, ತನ್ನ ಊಹೆಯನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಇಷ್ಟನ್ನೂ ಗಂಟೆಯನ್ನು ಹುಣಸೆಹಣ್ಣಿನಿಂದ ಬೆಳಗುವುದಕ್ಕೆ ಮೊದಲೇ ಮಾಡಬೇಕು. ಸವೆದ ಅಕ್ಷರದ ಅಚ್ಚು ತೆಗೆಯಲು ಬಾರದು.