ಅಪರಿಚಿತ ಪುರದಲ್ಲಿ ಆತ್ಮೀಯದರ್ಶನ: ಜೈಮಿನಿಭಾರತವೂ ಕೈದಾಳದ ಕಥೆಯೂ

ಪುರವರ್ಣನೆಯು ಅಷ್ಟಾದಶವರ್ಣನೆಗಳಲ್ಲಿ ಒಂದೆಂದು ಲಾಕ್ಷಣಿಕರು ವಿಧಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಅಗಳು, ಕೋಟೆ, ಉಪವನ, ಅಂಗಡಿಬೀದಿ, ದೇವಾಲಯ, ಅರಮನೆ ಎಂದು ಕವಿಯು ಓದುಗನನ್ನು ಕೈಹಿಡಿದು ನಡೆಯಿಸುತ್ತಾನೆ. ಅಲ್ಲಿ ಕವಿಗೆ ತಿಳಿಯದ ಸಂದಿಯಿಲ್ಲ. ಓದುಗನಿಗೆ ದಾರಿತಪ್ಪುವ ಭಯವೂ ಇಲ್ಲ. ಈ ವರ್ಣನೆಗಳ ಗುಣದೋಷಗಳನ್ನು ಕುರಿತು ವಿಮರ್ಶಕರು ಸಾಕಷ್ಟು ಬರೆದಿದ್ದಾರೆ. ಆದರೆ ಹೊಸಬನೊಬ್ಬನು ತಾನರಿಯದ ಪುರಕ್ಕೆ ಬಂದು, ತಾನು ಹುಡುಕದೆ ಇದ್ದುದನ್ನು ಅಲ್ಲಿ ಕಾಣುವ ಸನ್ನಿವೇಶಕ್ಕೆ ನಮ್ಮ ಸಾಹಿತ್ಯದಲ್ಲಿ ಏನು ಅರ್ಥವುಂಟೆಂಬ ವಿಚಾರವು ಅಷ್ಟಾಗಿ ನಡೆದಂತೆ ತೋರುವುದಿಲ್ಲ. ಪ್ರಕೃತ ಲೇಖನದಲ್ಲಿ ಒಂದು ಐತಿಹ್ಯವನ್ನೂ ಒಂದು ಕಾವ್ಯವನ್ನೂ ಎದುರುಬದುರಾಗಿ ಇರಿಸಿ ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಿದೆ.

ಐತಿಹ್ಯವು ತುಮಕೂರು ಸೀಮೆಯದು. ಸುವರ್ಣಮುಖಿಗೆ ಅಡ್ಡಲಾಗಿ ಚಾಮರಾಜೇಂದ್ರ ಒಡೆಯರ ಆಳಿಕೆಯಲ್ಲಿ ಕಟ್ಟಿದ ಬೋರನಕಣಿವೆಯ ಜಲಾಶಯದ ಆಸುಪಾಸಿನ ತೆಂಗಿನ ನಾಡಿನಲ್ಲಿ ಬೆಳೆದ ಈ ಲೇಖಕನು ಬಾಲ್ಯದಲ್ಲಿ ಕೇಳಿದ ಮೊದಲ ಪ್ರವಾಸಕಥೆಯು ಜಕಣಾಚಾರಿಯದು. ತುಮಕೂರಿಗೆ ಸಮೀಪದ ಕ್ರೀಡಾಪುರದ ಶಿಲ್ಪಿಯು ಮಡದಿಯನ್ನು ಬಿಟ್ಟು ದೇಶಾಂತರ ಹೋಗಿ, ಊರೂರಿನ ಗುಡಿಗಳನ್ನು ಕಟ್ಟುತ್ತ ಮನೆಯನ್ನೇ ಮರೆತನಂತೆ. ತಂದೆಯ ಮುಖವನ್ನು ಕಾಣದೆ ಬೆಳೆದ ಮಗ ಡಂಕಣನು ಅವನನ್ನು ಅರಸುತ್ತ ಬೇಲೂರಿಗೆ ಬಂದನು. ಅಲ್ಲಿ ಸಿದ್ಧವಾಗಿದ್ದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದನು. ದೋಷವು ತೋರಿದಲ್ಲಿ ಬಲಗೈಯನ್ನು ಕಡಿದುಕೊಳ್ಳುವೆನೆಂದು ಹಿರಿಯ ಶಿಲ್ಪಿಯು ಪಣತೊಟ್ಟನು. ವಿಗ್ರಹಕ್ಕೆಲ್ಲ ಗಂಧವನ್ನು ಲೇಪಿಸಲಾಗಿ ನಾಭಿಯ ಬಳಿಯಲ್ಲಿ ಮಾತ್ರ ಅದು ಆರಲಿಲ್ಲ. ಉಳಿಯನ್ನಿಟ್ಟಾಗ ಒಳಗಿನ ಪೊಟರೆಯಿಂದ ಕಪ್ಪೆಯು ಹೊರಬಂದಿತು. ಕೈ ಹೋದ ಮೇಲೆ ತಂದೆಮಕ್ಕಳು ಒಬ್ಬರನ್ನೊಬ್ಬರು ಅರಿತರು. ಸ್ವಗ್ರಾಮದಲ್ಲಿ ಚೆನ್ನಕೇಶವನಿಗೆ ಗುಡಿ ಕಟ್ಟೆಂದು ದೇವರ ಅಪ್ಪಣೆಯಾಯಿತು. ಕಟ್ಟಿದ ಮೇಲೆ ಕೈ ಮರಳಿ ಬಂದಿತು. ಊರಿಗೆ ಕೈದಾಳವೆಂಬ ಹೆಸರು ನಿಂತಿತು.

ಈ ಕಥೆಯ ಕಟ್ಟು ವಿಚಾರಾರ್ಹವಾಗಿದೆ. ಡಂಕಣನು ಹುಡುಕಿಕೊಂಡು ಬಂದುದು ತಂದೆಯನ್ನು. ಮೊದಲು ಕಂಡುದು ಕಲ್ಲಿನ ದೋಷವನ್ನು. ತಂದೆ ದೊರೆತುದು ಆ ದೋಷದ ಮೂಲಕವೇ. ವರ್ಷಗಟ್ಟಲೆ ಶಿಲೆಯೊಡನೆ ಬಾಳಿದ ಆಚಾರ್ಯನಿಗೆ ಕಾಣದುದು ನಿನ್ನೆ ಮೊನ್ನೆ ಬಂದ ಹುಡುಗನಿಗೆ ಕಂಡಿತು. ನಮ್ಮ ಸೀಮೆಯ ಕೇಳುಗರು ಇದನ್ನು ಸುಲಭವಾಗಿ ನಂಬುತ್ತಿದ್ದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ಹೆಚ್ಚುಕಡಮೆ ಒಂದು ವರ್ಷ ಅಟ್ಟದ ಮೇಲೆ ಇಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುದನ್ನು ಕಾಯಿಯನ್ನು ಅಲುಗಾಡಿಸಿ, ಸದ್ದಿನಿಂದಲೇ ತಿಳಿಯುತ್ತಾರೆ. ಒಡೆಯದೆ ಒಳಗನ್ನು ಅರಿಯುವ ವಿದ್ಯೆಯು ಅವರ ನಿತ್ಯದ ಕಸುಬು. ಗಂಧವು ಆರದ ಜಾಗದಲ್ಲಿ ಪಸೆಯುಂಟೆಂಬ ಪರೀಕ್ಷೆಯು ಅವರಿಗೆ ಪವಾಡವೆಂದು ತೋರಲು ಕಾರಣವಿರಲಿಲ್ಲ. ಕಥೆಯಲ್ಲಿ ಪವಾಡವು ಬರುವುದು ಕೊನೆಯಲ್ಲಿ, ಕೈ ಮರಳುವಾಗ ಮಾತ್ರ.

ಇತಿಹಾಸದ ದೃಷ್ಟಿಯಿಂದ ಈ ಕಥೆಗೆ ಆಧಾರವಿಲ್ಲವೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಬೇಲೂರಿನ ಚೆನ್ನಕೇಶವನು ವಿಷ್ಣುವರ್ಧನನಿಂದ 1117ರಲ್ಲಿ ಪ್ರತಿಷ್ಠಿತನಾದನು. ಅಲ್ಲಿಯ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿರುವರು. ಆ ಹೆಸರುಗಳಲ್ಲಿ ಜಕಣಾಚಾರಿಯದು ಸೇರಿಲ್ಲ. ಕೈದಾಳದ ಗುಡಿಯೂ 12ನೆಯ ಶತಮಾನದ ನಡುವೆ ಗೂಳಿ ಬಾಚಿಯೆಂಬ ಸಾಮಂತನ ಕಾಲದ್ದೆಂದು ಶಾಸನದಿಂದ ತಿಳಿಯುತ್ತದೆ. ಆದರೆ ಅದೇ ಬೇಲೂರಿನ ಬರಹಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳಿವೆ. ದೂರದ ಊರಿನಿಂದ ಬಂದ ತಂದೆಯೂ ಮಗನೂ ಒಂದೇ ಗುಡಿಯಲ್ಲಿ ಉಳಿ ಹಿಡಿದರೆಂಬುದು ಇತಿಹಾಸ. ಅಂಥ ತಂದೆಮಕ್ಕಳನ್ನು ಅಗಲಿಸಿ, ಅಪರಿಚಿತರನ್ನಾಗಿ ಎದುರು ನಿಲ್ಲಿಸಿದುದು ಐತಿಹ್ಯ. ಒಂದರಿಂದ ಮತ್ತೊಂದು ಹುಟ್ಟಿತೆಂದು ನಾವು ಸಾಧಿಸಹೊರಟಿಲ್ಲ. ಜನರಿಗೆ ಈ ಅಗಲಿಕೆಯು ಏಕೆ ಬೇಕಾಯಿತೆಂಬುದೇ ನಮ್ಮ ಪ್ರಶ್ನೆ. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರವಾಗಿ ಬಂದಾಗಲೂ ಜನರ ಮನಸ್ಸನ್ನು ಹಿಡಿದುದು ಈ ಹಳೆಯ ಕಥೆಯೇ.

ಈ ಪ್ರಶ್ನೆಗೆ ಉತ್ತರವನ್ನು ಲಕ್ಷ್ಮೀಶನಲ್ಲಿ ಅರಸಬಹುದೆಂದು ನಮಗೆ ತೋರುತ್ತದೆ. ಕಡೂರು ಸೀಮೆಯ ದೇವನೂರು ಅವನ ಊರೆಂದು ಪ್ರತೀತಿಯುಂಟು. ಅವನ ಜೈಮಿನಿಭಾರತವನ್ನು ನಮ್ಮ ಹಳ್ಳಿಗಳಲ್ಲಿ ಗಮಕಿಗಳು ಹಾಡಿದರು, ಯಕ್ಷಗಾನದವರು ಆಡಿದರು. ಈ ಕಾವ್ಯದ ಹಂದರವೇ ಗುರಿಯಿಲ್ಲದ ಪ್ರಯಾಣವೆಂಬುದನ್ನು ಗಮನಿಸಬೇಕು. ಯಾಗದ ಕುದುರೆಯು ತನ್ನಿಚ್ಛೆಯಂತೆ ನಡೆಯುತ್ತದೆ. ಅರ್ಜುನನು ಹಿಂದೆ ಹೋಗುತ್ತಾನೆ. ಯಾವ ಪುರವು ಎದುರಾಗುವುದೆಂದು ವೀರನಿಗೂ ತಿಳಿಯದು. ಚಂಪಕಾಪುರಿಯಾಗಲಿ ಸ್ತ್ರೀರಾಜ್ಯವಾಗಲಿ ಅವನು ಆಯ್ದುಕೊಂಡುದಲ್ಲ. ಇದು ದಿಗ್ವಿಜಯದಂತೆ ಕಂಡರೂ, ಪಯಣಿಗನಿಗೆ ದಿಕ್ಕನ್ನು ಆರಿಸುವ ಅಧಿಕಾರವೇ ಇಲ್ಲದ ದಿಗ್ವಿಜಯ.

ಹೀಗೆ ಹೋಗುವ ಅರ್ಜುನನಿಗೆ ಮಣಿಪುರದಲ್ಲಿ ಎದುರಾಗುವವನು ಅವನ ಮಗನೇ ಆದ ಬಭ್ರುವಾಹನನು. ತಂದೆಯ ಕುದುರೆಯೆಂದು ತಿಳಿದ ಮಗನು ತಾಯಿಯ ಮಾತಿನಂತೆ ಕಾಣಿಕೆಗಳೊಡನೆ ಬಂದು ಎರಗುತ್ತಾನೆ. ಅರ್ಜುನನು ಅವನನ್ನು ಮಗನೆಂದು ಒಪ್ಪದೆ ನಿಂದಿಸಿ ತಿರಸ್ಕರಿಸುತ್ತಾನೆ. ಕಾಳಗವಾಗಿ ತಂದೆಯ ತಲೆ ಬೀಳುತ್ತದೆ. ನಾಗಲೋಕದ ಮಣಿಯಿಂದಲೂ ಕೃಷ್ಣನ ಕೃಪೆಯಿಂದಲೂ ಮರಳಿ ಜೀವ ಬರುತ್ತದೆ. ಬೇಲೂರಿನ ಕಥೆಗೂ ಇದಕ್ಕೂ ಇರುವ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಒಂದೆಡೆ ಮಗನ ಮಾತಿನಿಂದ ತಂದೆಯ ಕೈ, ಇನ್ನೊಂದೆಡೆ ಮಗನ ಬಾಣದಿಂದ ತಂದೆಯ ತಲೆ. ಎರಡೆಡೆಗಳಲ್ಲಿಯೂ ಅರಿವು ಬರುವುದು ನಷ್ಟದ ತರುವಾಯ. ಆದರೆ ಮುಖ್ಯವಾದೊಂದು ಭೇದವುಂಟು. ಅರ್ಜುನನಿಗೆ ಸತ್ಯವು ಕಾಣಿಕೆಯ ತಟ್ಟೆಯೊಡನೆ ಬಂದಿತ್ತು. ಅವನು ಅದನ್ನು ಒದ್ದನು. ಜಕಣಾಚಾರಿಗೆ ಸತ್ಯವು ತನ್ನ ಕೆಲಸದ ಮೇಲಿನ ಆಕ್ಷೇಪವಾಗಿ ಬಂದಿತು. ಅವನು ಪರೀಕ್ಷೆಗೆ ಒಪ್ಪಿದನು. ವಿಮರ್ಶಕನ ತಕ್ಕಡಿಯಲ್ಲಿ ಪಾರ್ಥನಿಗಿಂತ ಶಿಲ್ಪಿಯೇ ತೂಕವುಳ್ಳವನು.

ಚಂದ್ರಹಾಸನ ಉಪಾಖ್ಯಾನವು ಇನ್ನೂ ಸೂಕ್ಷ್ಮವಾದುದು. ಕುದುರೆಯು ಕುಂತಳನಗರಕ್ಕೆ ಬಂದಾಗ ನಾರದನು ಈ ಕಥೆಯನ್ನು ಅರ್ಜುನನಿಗೆ ಹೇಳುತ್ತಾನೆ. ತನಗೆ ವಿಷವಿಡಬೇಕೆಂಬ ಓಲೆಯನ್ನು ತಾನೇ ಹೊತ್ತು, ಅದನ್ನರಿಯದೆ, ಚಂದ್ರಹಾಸನು ಕುಂತಳದ ಹೊರಗಿನ ಉಪವನದಲ್ಲಿ ಮಲಗುತ್ತಾನೆ. ಮಂತ್ರಿ ದುಷ್ಟಬುದ್ಧಿಯ ಮಗಳು ವಿಷಯೆಯು ಓಲೆಯನ್ನೋದಿ, ತಂದೆಯು ಅವಸರದಲ್ಲಿ ಅಕ್ಷರ ತಪ್ಪಿದನೆಂದು ಬಗೆದು, ವಿಷವೆಂಬುದನ್ನು ತನ್ನ ಹೆಸರಾಗಿ ತಿದ್ದುತ್ತಾಳೆ. ಗ್ರಂಥಸಂಪಾದನೆಯ ಶಾಸ್ತ್ರದಂತೆ ಈ ತಿದ್ದುಪಡಿಯು ಅಪರಾಧವೇ ಸರಿ. ಲೇಖಕನ ಉದ್ದೇಶವನ್ನು ಅವಳು ತಲೆಕೆಳಗು ಮಾಡಿದಳು. ಆದರೂ ಆ ಪತ್ರಕ್ಕೆ ಇರಬೇಕಾಗಿದ್ದ ಪಾಠವು ಅವಳದೇ ಎಂದು ಓದುಗನ ಮನಸ್ಸು ಒಪ್ಪುತ್ತದೆ. ಇಲ್ಲಿ ಪಯಣಿಗನು ನಿದ್ರಿಸುತ್ತಿದ್ದಾನೆ. ಕಾಣುವ ಕೆಲಸವನ್ನು ಆ ಊರಿನವಳೇ ಮಾಡುತ್ತಾಳೆ.

ಈ ಪುರವು ಅವನಿಗೆ ನಿಜವಾಗಿಯೂ ಅಪರಿಚಿತವೆ? ಹಸುಳೆಯಾಗಿದ್ದಾಗ ದಾದಿಯು ಅವನನ್ನು ತಂದು ಸಾಕಿದ ಊರು ಕುಂತಳವೇ. ಕೊಲೆಗಾರರು ಅವನನ್ನು ಅಡವಿಗೊಯ್ದುದೂ ಅಲ್ಲಿಂದಲೇ. ಚಂದನಾವತಿಯ ಕುಳಿಂದನ ಮಗನಾಗಿ ಬೆಳೆದು ಅವನು ಮರಳಿ ಬಂದಿರುವುದು ತನ್ನ ಶೈಶವದ ಬೀದಿಗಳಿಗೆ. ಇಲ್ಲಿಯೂ ಬೆಲೆ ತೆರಬೇಕಾಯಿತು: ಚಂದ್ರಹಾಸನಿಗಾಗಿ ಹೂಡಿದ ಸಂಚಿಗೆ ದುಷ್ಟಬುದ್ಧಿಯ ಮಗ ಮದನನು ದೇವಿಯ ಗುಡಿಯಲ್ಲಿ ಬಲಿಯಾದನು, ಬಳಿಕ ಚಂದ್ರಹಾಸನ ಪ್ರಾರ್ಥನೆಯಿಂದ ಬದುಕಿದನು. ಹೀಗೆ ಮೂರು ಕಥೆಗಳಲ್ಲಿಯೂ ಅಪರಿಚಿತ ನಗರದಲ್ಲಿ ಆಕಸ್ಮಿಕವಾಗಿ ಸಿಕ್ಕುವ ವಸ್ತುವು ಪಯಣಿಗನಿಗೇ ಸೇರಿದ್ದು: ತಂದೆ, ಮಗ, ಬಾಲ್ಯದ ನೆಲೆ. ಅಗಲಿಕೆಯು ಜನರಿಗೆ ಏಕೆ ಬೇಕಾಯಿತೆಂಬುದಕ್ಕೆ ಇದೇ ಉತ್ತರವೆಂದು ತೋರುತ್ತದೆ. ಮನೆಯಲ್ಲಿಯೇ ಇದ್ದವರಿಗೆ ತಮ್ಮವರು ಅಭ್ಯಾಸಬಲದಿಂದ ಮರೆಯಾಗುತ್ತಾರೆ. ಒಮ್ಮೆ ಹೊಸಬರಾಗಿ ಬಂದು ನಿಂತಾಗಲೇ ಅವರು ಕಾಣುವುದು.

ಭಕ್ತಿಕಾವ್ಯದಲ್ಲಿ ಆಕಸ್ಮಿಕವೆಂಬುದೇ ಇಲ್ಲ, ಎಲ್ಲವೂ ಹರಿಯ ಸಂಕಲ್ಪವೆಂದು ಕೆಲವರು ಆಕ್ಷೇಪಿಸಬಹುದು. ಕಥೆಯು ಮೂಲತಃ ಸಂಸ್ಕೃತದ ಜೈಮಿನಿಯದೆಂದೂ ಹೇಳಬಹುದು. ಎರಡೂ ನಿಜ. ಆದರೆ ಹರಿಸಂಕಲ್ಪವು ನೆರವೇರಬೇಕಾದರೆ ವಿಷಯೆಯು ಬಾಗಿ ಓಲೆಯನ್ನು ಓದಲೇಬೇಕಾಯಿತು. ಕೈದಾಳದ ದೇವರು ಕೈಯನ್ನು ಕೊಡಬೇಕಾದರೆ ಶಿಲ್ಪಿಯು ಬೇಲೂರಿನಿಂದ ಊರಿಗೆ ನಡೆದು ಗುಡಿಯನ್ನು ಕಟ್ಟಲೇಬೇಕಾಯಿತು. ಮೂಲವು ಎಲ್ಲಿಯದಾದರೂ, ತನ್ನ ಅನುಭವಕ್ಕೆ ಹೊಂದಿದುದನ್ನೇ ಜನತೆಯು ಉಳಿಸಿಕೊಳ್ಳುತ್ತದೆ. ಕುಂತಳನಗರವು ಸೊರಬದ ಸೀಮೆಯ ಕುಬಟೂರೇ ಎಂಬ ಸ್ಥಳೈತಿಹ್ಯವು ಹುಟ್ಟಿರುವುದು ಇದಕ್ಕೆ ನಿದರ್ಶನ.

ಸಂಶೋಧಕರಾದ ನಮಗೂ ಇದರಲ್ಲಿ ಪಾಠವುಂಟು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಿಲೆಯು ಎಂ. ಎಚ್. ಕೃಷ್ಣರಿಂದ 1936ರಲ್ಲಿ ವಿದ್ವಲ್ಲೋಕದ ಬೆಳಕಿಗೆ ಬರುವ ಮುನ್ನವೂ ಊರಿನಲ್ಲಿಯೇ ಇತ್ತು. ಸುಮಾರು 450ರದೆಂದು ಗಣಿಸಲ್ಪಟ್ಟ ಕನ್ನಡವು ಅದರ ಮೇಲಿತ್ತು. ಓದುವ ಕಣ್ಣು ಹೊರಗಿನಿಂದ ಬರಬೇಕಾಯಿತು. ತರಗತಿಯಲ್ಲಿ ನೂರು ಸಲ ಪಾಠ ಹೇಳಿದ ಪದ್ಯದಲ್ಲಿ ಹೊಸ ವಿದ್ಯಾರ್ಥಿಯೊಬ್ಬನು ಸಂದೇಹವನ್ನೆತ್ತಿದಾಗ ಅಧ್ಯಾಪಕನು ಅರ್ಜುನನಂತೆ ನಡೆಯುವನೋ ಜಕಣಾಚಾರಿಯಂತೆ ನಡೆಯುವನೋ ಎಂಬುದರ ಮೇಲೆ ಆ ಪದ್ಯದ ಮುಂದಿನ ಆಯುಸ್ಸು ನಿಂತಿದೆ.

ಬೋರನಕಣಿವೆಯ ಏರಿಯ ಮೇಲೆ ನಿಂತ ಪರಸ್ಥಳದವರು ಗುಡ್ಡಗಳ ನಡುವಣ ನೀರಿನ ಚೆಲುವನ್ನು ಹೊಗಳುವಾಗ, ನೀರಿನ ಮಟ್ಟವನ್ನಷ್ಟೇ ನೋಡಿ ತೋಟದ ಲೆಕ್ಕ ಹಾಕುವ ನಾವು ಅದನ್ನು ಅವರ ಕಣ್ಣಿನಿಂದಲೇ ಮೊದಲ ಬಾರಿಗೆ ಕಂಡುದುಂಟು. ಕೈದಾಳದ ಕಥೆಯನ್ನು ಇತಿಹಾಸವಲ್ಲವೆಂದು ಬದಿಗಿರಿಸುವ ಮುನ್ನ, ಅದರಲ್ಲಿ ಗಂಧವು ಆರದ ಜಾಗವೆಲ್ಲಿದೆಯೆಂದು ವಿದ್ವಾಂಸರು ಇನ್ನೊಮ್ಮೆ ಪರೀಕ್ಷಿಸಬೇಕೆಂಬುದು ನಮ್ಮ ವಿಜ್ಞಾಪನೆ.